ಬರಿತಲೆಯ ಆಟ

"ಕೈ ತೊಳ್ಕೊಂಡು ಬರ್ರಿ. ರೊಟ್ಟಿ ಆರ್ತಾವ."

ಮಲ್ಲಾಬಾಯಿ ತನ್ನ ಮೊಮ್ಮಗನಿಗೆ ಹೀಗೆ ಹೇಳಿದ್ದನ್ನು ಮೊದಲು ಕೇಳಿಸಿಕೊಂಡವಳು ಮೊಮ್ಮಗಳು ಭಾಗ್ಯ. ಶಹಾಪುರದ ಕಾಲೇಜು ಮುಗಿಸಿ ಸುರಪುರದ ಮನೆಗೆ ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳು, ಒಂದನ್ನು ಕಾಲಲ್ಲೇ ಇಟ್ಟುಕೊಂಡು ನಿಂತುಬಿಟ್ಟಳು. ಎಪ್ಪತ್ತರ ಹತ್ತಿರದ ಮುದುಕಿ ತನ್ನ ಕೈಯಲ್ಲೇ ಬೆಳೆದ ಹುಡುಗನಿಗೆ 'ರಿ' ಹಚ್ಚಿ ಮಾತಾಡುವುದೆಂದರೇನು? ಓಣಿಯಲ್ಲಿ ಮರ್ಯಾದೆಯ ಮಾತನ್ನು ಆಕೆಯ ಬಾಯಿಂದ ಕೇಳಿದವರೇ ಕಡಿಮೆ. ಜನಗಣತಿಗೆ ಬಂದ ಮಾಸ್ತರನನ್ನೂ "ಯಾಕೋ ತಮ್ಮಾ, ಮತ್ತ ಬಂದಿ?" ಎಂದು ಕೇಳಿದ ಬಾಯಿ ಅದು.

"ಆಯಿ, ಅಣ್ಣಗ ಯಾಕ ರಿ ಅನ್ನಾಕತ್ತೀದಿ?"

"ನಾ ಎಲ್ಲಿ ಅಂದೆ? ಬಸ್ಸಿನ ಗಾಳಿ ನಿನ್ನ ಕಿವ್ಯಾಗ ಹೊಕ್ಕದ. ಹೋಗು, ನಳ ಬಂದದ, ನೀರು ತುಂಬು."

ಅಣ್ಣ ಮರಿಲಿಂಗ ಗೋಡೆಗೆ ಒರಗಿ ಕೂತಿದ್ದ. ತಂಗಿಯನ್ನು ನೋಡಿ ನಕ್ಕ, ಆದರೆ ಯಾರದೋ ಮನೆಯ ಹುಡುಗಿಯನ್ನು ನೋಡಿ ನಗುವಂತೆ ನಕ್ಕ. ಭಾಗ್ಯಳಿಗೆ ಅದು ಸರಿಬರಲಿಲ್ಲ. ಕೊಡ ಎತ್ತಿಕೊಂಡು ನಳದ ಕಡೆ ಹೋದಳು.

ಇದಕ್ಕೆಲ್ಲ ಕಾರಣ ಆ ಆಟ. ಹೆಸರು ಅಮೆರಿಕನ್ ಫುಟ್‌ಬಾಲ್. ಕಾಲಿಗಿಂತ ಕೈಗೇ ಅದರಲ್ಲಿ ಕೆಲಸ ಜಾಸ್ತಿ. ಚೆಂಡು ಕೋಳಿತತ್ತಿಯ ಆಕಾರದ್ದು, ಅದಕ್ಕೇ ಸುರಪುರದವರು ಅದನ್ನು ತತ್ತಿ ಚೆಂಡಿನಾಟ ಎಂದು ಕರೆದು ಮುಗಿಸಿದ್ದರು. ಚೆಂಡನ್ನು ಬಗಲಲ್ಲಿ ಒತ್ತಿಕೊಂಡು ಓಡುವವನನ್ನು ಎದುರಿನವರು ಮೈಮೇಲೆ ಬಿದ್ದು ಕೆಡವಬೇಕು. ಹುಟ್ಟಿದ ದೇಶದಲ್ಲಿ ಅದನ್ನು ಹನ್ನೊಂದು ಮಂದಿ ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡ್ ಕಟ್ಟಿಕೊಂಡು ಆಡುತ್ತಾರಂತೆ. ನಮ್ಮ ಕಡೆಯ ಲೀಗಿನಲ್ಲಿ ಏಳೇ ಮಂದಿ, ಎಲ್ಲರೂ ಬರಿತಲೆ. ಯಾದಗಿರಿ ಮೈದಾನದ ಬ್ಯಾನರಿನ ಮೇಲೆ 'ಕವಚ ಬ್ಯಾಡ, ಎದಿ ಬೇಕು' ಎಂದು ಕೆಂಪಕ್ಷರದಲ್ಲಿ ಬರೆಸಿದ್ದರು. ಎದೆಯ ವಿಚಾರ ಎಲ್ಲರೂ ಮಾಡಿದರು, ತಲೆಯ ವಿಚಾರ ಯಾರೂ ಮಾಡಲಿಲ್ಲ.

ಸುರಪುರದ ತಂಡ ಕಟ್ಟಿದವನು ಚಾಂದಪಾಶಾ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಹಳೆಯ ಕಬಡ್ಡಿ ಆಟಗಾರ. ಟಂಟಂ ಗಾಡಿಯಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲ ಹೇರುತ್ತಿದ್ದ ಮರಿಲಿಂಗನ ಹೆಗಲು ನೋಡಿಯೇ ಅವನನ್ನು ಕರೆದುಕೊಂಡಿದ್ದ. ಫೈನಲ್ ಗೆದ್ದ ತಂಡದಿಂದ ಇಬ್ಬರನ್ನು ಹೈದರಾಬಾದಿನ ದೊಡ್ಡ ತಂಡಕ್ಕೆ ಪಗಾರದ ಮೇಲೆ ಒಯ್ಯುತ್ತಾರೆಂದು ಸುದ್ದಿ ಇತ್ತು. ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ರಂಗಣ್ಣ ಆ ಸುದ್ದಿಯನ್ನು ಶಹಾಪುರದ ಗಂಜ್ ಮಾರುಕಟ್ಟೆಯ ತುಂಬ ಹಂಚಿದ್ದ.

ಸೆಮಿಫೈನಲ್ ರಾಯಚೂರಿನವರ ಜೊತೆ. ಮರಿಲಿಂಗ ಚೆಂಡು ಹಿಡಿದು ಬಗ್ಗಿ ನುಗ್ಗಿದ, ಎದುರಿನವನೂ ಬಗ್ಗಿದ. ಎರಡು ಹಣೆ ಕೂಡಿದ ಸದ್ದು ತೆಂಗಿನಕಾಯಿ ಒಡೆದಂತೆ ಕಟ್ಟೆಯ ಮೇಲಿದ್ದವರಿಗೂ ಕೇಳಿತು. ಸ್ವಲ್ಪ ಹೊತ್ತು ಬಿದ್ದಿದ್ದ ಮರಿಲಿಂಗ ಎದ್ದು, ಮೊಣಕಾಲಿನ ಮಣ್ಣು ಕೊಡವಿ, ಸುತ್ತ ನೋಡಿ ಕೇಳಿದ:

"ಕುಸ್ತಿ ಯಾರು ಗೆದ್ರು?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ರಂಗಣ್ಣ ನಕ್ಕ. ಆ ನಗು ಮುಂದೆ ಅವನಿಗೆ ಬಹಳ ದಿನ ಚುಚ್ಚಿತು.

ಸುರಪುರದ ಡಾಕ್ಟರು ಗುಳಿಗೆ ಕೊಟ್ಟು, ವಾಂತಿಯಾದರೆ, ಮಂಪರು ಬಂದರೆ, ಮಾತು ತಪ್ಪಿದರೆ ತಡ ಮಾಡದೆ ಕಲಬುರಗಿಗೆ ಒಯ್ದು ತಲೆಯ ಸ್ಕ್ಯಾನ್ ಮಾಡಿಸಿ ಎಂದರು. ಭಾಗ್ಯ ಅವತ್ತೇ ಹೋಗೋಣವೆಂದಳು. ರಂಗಣ್ಣ ಒಪ್ಪಲಿಲ್ಲ.

"ಸ್ಕ್ಯಾನಿನಾಗ ಏನರೆ ಬಂದ್ರ ಫೈನಲ್ ಆಡ್ಸಂಗಿಲ್ಲ. ಮೂರು ವಾರ ಅದ. ಹುಡುಗ ಸುಮ್ಮ ಮಲಗಲಿ, ಉಣ್ಣಲಿ, ಸರಿ ಹೋಗ್ತಾನ."

"ಹಂಗಾರ ದಿನಾ ಮೂರು ಸವಾಲು ಕೇಳ್ರಿ ಕಾಕಾ," ಎಂದ ಚಾಂದಪಾಶಾ. "ನಿನ್ನ ಹೆಸರೇನು, ನೀ ಎಲ್ಲಿದ್ದಿ, ಮುಂದ ನಿಂತವರು ಯಾರು. ಒಂದು ತಪ್ಪಿದ್ರೂ ನನಗ ಫೋನ್ ಹಚ್ರಿ. ಫೈನಲ್ ಹೋದ್ರ ಹೋಗ್ಲಿ."

ಕೇಳುವವರು ಯಾರು? ರಂಗಣ್ಣ ಬೆಳಗಿನ ಬಸ್ಸಿಗೆ ಶಹಾಪುರಕ್ಕೆ ಹೋಗುತ್ತಿದ್ದ. ತಾಯಿ ಚಂದ್ರಕಲಾ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಭಾಗ್ಯಳಿಗೆ ಕಾಲೇಜು. ಮನೆಯಲ್ಲಿ ಉಳಿಯುವವಳು ಮಲ್ಲಾಬಾಯಿ ಒಬ್ಬಳೇ. ಸವಾಲುಗಳು ಆಕೆಯ ಪಾಲಿಗೆ ಬಂದವು.

ಇಲ್ಲಿ ಒಂದು ಮಾತು ಹೇಳಬೇಕು. ಮರಿಲಿಂಗ ಎಂಬುದು ಮಲ್ಲಾಬಾಯಿಯ ಗಂಡನ ಹೆಸರು. ಆತ ಗರಡಿಯ ಪೈಲ್ವಾನ. ರಂಗಣ್ಣ ಇನ್ನೂ ಸೋದರಮಾವನ ತೊಡೆಯ ಮೇಲೆ ಆಡುವ ಕೂಸಾಗಿದ್ದಾಗ ತೀರಿಕೊಂಡ. ಜ್ವರ ಬಂದು ಸತ್ತ ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರು. ಮೊದಲ ಮೊಮ್ಮಗನಿಗೆ ರೂಢಿಯಂತೆ ಮುತ್ಯಾನ ಹೆಸರಿಟ್ಟರು. ಗಂಡನ ಹೆಸರನ್ನು ಹೆಂಡತಿ ಎತ್ತಬಾರದಲ್ಲ, ಹಾಗಾಗಿ ಮಲ್ಲಾಬಾಯಿ ಮೊಮ್ಮಗನನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಅವನು ಆಕೆಗೆ 'ತಮ್ಮ'.

ಮೊದಲ ದಿನ ಮಧ್ಯಾಹ್ನ ಆಕೆ ಕಾಳು ಹಸನು ಮಾಡುತ್ತ ಕೇಳಿದಳು.

"ನಿನ್ನ ಹೆಸರೇನೋ ತಮ್ಮಾ?"

"ಮರಿಲಿಂಗ."

"ಎಲ್ಲಿದ್ದಿ?"

"ಮನ್ಯಾಗ."

"ನಾ ಯಾರು?"

ಅವನು ಆಕೆಯ ಮುಖವನ್ನು ಬಹಳ ಹೊತ್ತು ನೋಡಿದ. ಹೊರಗೆ ಮಟಮಟ ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಇರಲಿಲ್ಲ.

"ಮಲ್ಲಿ," ಎಂದ.

ಮೊರ ಆಕೆಯ ಕೈಯಿಂದ ಬಿತ್ತು. ಮಲ್ಲಾಬಾಯಿಯನ್ನು ಮಲ್ಲಿ ಎನ್ನಲು ದೆವ್ವವೇ ಬರಬೇಕೆಂದೇನಿಲ್ಲ, ತಲೆಗೆ ಪೆಟ್ಟು ಬಿದ್ದವನು ಅರ್ಧ ಹೆಸರು ನುಂಗಿರಬಹುದು. ಆದರೆ ಆ ಹೆಸರಿನಿಂದ ಆಕೆಯನ್ನು ಕರೆದವನು ಒಬ್ಬನೇ, ಅದೂ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ. ಎಂಟು ವರ್ಷ ಬಾಳಿ, ಉಳಿದ ಆಯುಷ್ಯವನ್ನೆಲ್ಲ ಒಬ್ಬಳೇ ತೆಗೆದವಳು ಆಕೆ. ಚೆಲ್ಲಿದ ಕಾಳು ಬಾಚುತ್ತ ಮುದುಕಿ ಹೆದರಲಿಲ್ಲ. ಖರೇ ಹೇಳಬೇಕೆಂದರೆ ಆಕೆಗೆ ಸಂತೋಷವಾಯಿತು.

ಸಂಜೆ ರಂಗಣ್ಣ ಬಂದು ಕೇಳಿದ, "ಸವಾಲು ಕೇಳಿದೇನ ಯವ್ವಾ?"

"ಕೇಳ್ದೆ. ಹೆಸರು ಹೇಳ್ದ. ಮನ್ಯಾಗ ಇದ್ದೀನಿ ಅಂದ. ನನ್ನ ಗುರ್ತೂ ಹಿಡಿದ."

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎರಡು ವಾರ ಇದೇ ಉತ್ತರ ಬಂತು, ಎಲ್ಲರೂ ನಿಶ್ಚಿಂತೆಯಿಂದ ಉಂಡರು.

ಅಡುಗೆಮನೆಯಲ್ಲಿ ಮಾತ್ರ ಲೆಕ್ಕ ತಪ್ಪತೊಡಗಿತು. ಹಬ್ಬಕ್ಕೆಂದು ತೆಗೆದಿಟ್ಟಿದ್ದ ತುಪ್ಪ ಖಾಲಿಯಾಯಿತು. ಜೋಳದ ರೊಟ್ಟಿಯ ಮನೆಯಲ್ಲಿ ದಿನಾ ಸಜ್ಜೆರೊಟ್ಟಿ ಬೇಯುತ್ತಿತ್ತು. ಮರಿಲಿಂಗ ಹುಟ್ಟಿದಾಗಿನಿಂದ ಸಜ್ಜೆರೊಟ್ಟಿಗೆ ಮುಖ ತಿರುಗಿಸುವವನು, ಈಗ ಎಳ್ಳು ಹಚ್ಚಿದ್ದನ್ನೇ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದ.

"ಅತ್ತಿ, ಸಜ್ಜಿ ಹಿಟ್ಟು ಯಾರು ಬೀಸಿಸ್ಕೊಂಡು ಬಂದ್ರು?" ಎಂದಳು ಚಂದ್ರಕಲಾ.

"ನಾನೇ ಹೋಗಿದ್ದೆ ಗಿರಣಿಗಿ."

"ಮೊಣಕಾಲು ನೋಯ್ತಾವ ಅಂತ ನಳದ ತನಕ ಬರಾವಲ್ರಿ. ಗಿರಣಿಗಿ ಹ್ಯಾಂಗ ಹೋದ್ರಿ?"

"ಉಣ್ಣೋರು ಕೇಳಿದ್ರ ಹೋಗಬೇಕಾಗ್ತದ," ಎಂದಳು ಮಲ್ಲಾಬಾಯಿ. ಆಕೆ ಅವತ್ತು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು.

ಒಂದು ಶನಿವಾರ ಶಾಲೆ ಬೇಗ ಬಿಟ್ಟಿತು. ಚಂದ್ರಕಲಾ ಮಧ್ಯಾಹ್ನವೇ ಮನೆಗೆ ಬಂದು, ಕಿಟಕಿಯ ಬಳಿ ಕಾಲು ತೊಳೆಯುತ್ತ ಒಳಗೆ ನೋಡಿದಳು. ಮಗ ಉಂಡು ಎದ್ದು ಹೋಗಿದ್ದ. ಅವನ ತಾಟಿನ ಮುಂದೆ ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಕೂತು, ಅವನು ಬಿಟ್ಟ ರೊಟ್ಟಿಯ ಚೂರನ್ನು ಅವನು ಬಿಟ್ಟ ಪಲ್ಯದಲ್ಲಿ ಅದ್ದಿ ನಿಧಾನವಾಗಿ ತಿನ್ನುತ್ತಿದ್ದಳು. ಗಂಡ ಉಂಡ ತಾಟಿನಲ್ಲಿ ಹೆಂಡತಿ ಉಣ್ಣುವ ಹಳೆಯ ಪದ್ಧತಿ ಅದು. ಚಂದ್ರಕಲಾಳ ಕೈಯ ತಂಬಿಗೆಯ ನೀರೆಲ್ಲ ಸುರಿದುಹೋದರೂ ಆಕೆಗೆ ತಿಳಿಯಲಿಲ್ಲ.

ಗಂಡ ಬಂದೊಡನೆ ಹಿತ್ತಲಿಗೆ ಕರೆದು ಹೇಳಿದಳು.

"ನಿಮ್ಮವ್ವ ಅವನ ತಾಟಿನಾಗ ಉಂಡಳ್ರಿ."

"ಅನ್ನ ಚೆಲ್ಲಬಾರದು ಅಂತ ಉಂಡಿರ್ತಾಳ. ಮೊಮ್ಮಗನ ಎಂಜಲ ಅಕಿಗೇನು ಹೊಸದು?"

"ಸೆರಗು ಹೊತ್ಕೊಂಡು ಉಂಡಳು. ನಿಮ್ಮ ಮುಂದ ನಾ ಹೊಸದಾಗಿ ಹೊತ್ಕೊಂತಿದ್ದೆ ನೋಡ್ರಿ, ಹಂಗ."

"ಏನು ಹೇಳಾಕ ಹತ್ತೀದಿ ನೀ?"

"ನನಗ ಹೇಳಾಕ ಬರವಲ್ದು. ನನ್ನ ಮಗ ನನಗ ಅವ್ವಾ ಅನ್ನದ ಎಷ್ಟು ದಿನ ಆದ್ವು ಗೊತ್ತದ ಏನು ನಿಮಗ?"

ಮರುದಿನ ಚಂದ್ರಕಲಾ ಅಬ್ಬೆತುಮಕೂರಿಗೆ ಹೋಗಿ, ಮಠದಿಂದ ವಿಭೂತಿ ತಂದು ಮಗನ ಹಣೆಗೆ ಹಚ್ಚಿದಳು. ಅವನು "ಯಾರ ಮಗಳವ್ವಾ ನೀನು?" ಎಂದು ಮೆಲ್ಲಗೆ ಕೇಳಿದ. ಆಕೆ ಒಲೆಯ ಮುಂದೆ ಹೋಗಿ ಅತ್ತಳು. ಹೊಗೆಗೆ ಕಣ್ಣುರಿ ಎಂದು ಎಲ್ಲರಿಗೂ ಹೇಳಿದಳು.

ಭಾಗ್ಯ ಕಂಡದ್ದು ಇನ್ನೊಂದು. ಕಾಲೇಜಿಗೆ ರಜೆ ಇದ್ದ ದಿನ ಅಣ್ಣ ಮೂಡಣ ಗೋಡೆಗೆ ಮುಖ ಮಾಡಿ ನಿಂತಿದ್ದ. ಕ್ಯಾಲೆಂಡರ್ ಪಕ್ಕಕ್ಕೆ ಸರಿಸಿ, ಎರಡೂ ಅಂಗೈಗಳಿಂದ ಗೋಡೆ ಸವರಿ, ಎದೆಯ ಎತ್ತರದಲ್ಲಿ ಏನನ್ನೋ ಹುಡುಕುತ್ತಿದ್ದ.

"ಅಣ್ಣಾ, ಏನು ಮಾಡಾಕತ್ತೀದಿ?"

"ಅಗಳಿ ಎಲ್ಲದ? ಬಾಗಿಲಾ ಯಾರು ಮುಚ್ಚಿದ್ರು?"

"ಬಾಗಿಲಾ ಈ ಕಡಿ ಅದ."

ಅವನು ತಿರುಗಿ ರಸ್ತೆಯ ಕಡೆಯ ಬಾಗಿಲು ನೋಡಿದ. ಅದು ಅವನಿಗೆ ಮೊದಲ ಸಲ ಕಂಡಂತಿತ್ತು. ಮತ್ತೆ ಗೋಡೆಯನ್ನೇ ಸವರತೊಡಗಿದ. ಮಲ್ಲಾಬಾಯಿ ಒಳಗಿಂದ ಬಂದು ಅವನ ಮೊಣಕೈ ಹಿಡಿದು, "ಬಿಸಿಲದ, ಈಗ ಬ್ಯಾಡ. ಮಲಕೊಳ್ರಿ" ಎಂದು ಕರೆದೊಯ್ದಳು. ಈ ಸಲ ಆ 'ರಿ'ಯನ್ನು ಆಕೆ ಮುಚ್ಚಿಡಲಿಲ್ಲ.

ಸಂಜೆ ಊಟದ ಹೊತ್ತಿಗೆ ಭಾಗ್ಯ ಕೇಳಿದಳು, "ಅಪ್ಪಾ, ಆ ಗ್ವಾಡ್ಯಾಗ ಮೊದಲು ಬಾಗಿಲಾ ಇತ್ತೇನು?"

ರಂಗಣ್ಣ ಎತ್ತಿದ ತುತ್ತನ್ನು ತಾಟಿನಲ್ಲಿ ಇಟ್ಟ. "ಇತ್ತು. ಮರಿಲಿಂಗ ಹುಟ್ಟೋಕಿಂತ ಮೊದಲ ನಾನೇ ಇಟ್ಟಿಗಿ ಇಟ್ಟು ಮುಚ್ಚಿಸ್ದೆ. ನಿನಗ ಯಾರು ಹೇಳಿದ್ರು?"

ಭಾಗ್ಯ ಅಣ್ಣನ ಕಡೆ ನೋಡಿದಳು. ಅವನು ರೊಟ್ಟಿ ಮುರಿಯುತ್ತಿದ್ದ. ಪಲ್ಯ ಹಾಗೇ ಉಳಿಯಿತು.

ಮಾರನೆಯ ದಿನ ಭಾಗ್ಯ ಚಾಂದಪಾಶಾನಿಗೆ ಫೋನ್ ಮಾಡಿದಳು. ಅವನು ಡಿಪೋದಿಂದ ಗ್ರೀಸಿನ ಕೈಯಲ್ಲೇ ಓಡಿ ಬಂದ. ಮಲ್ಲಾಬಾಯಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಈಗ ಮಲಗ್ಯಾನ. ಹೆಸರು ಸರಿ ಹೇಳ್ಯಾನ. ನೀ ಹೋಗಿ ಬಾರಪ್ಪಾ."

"ವಾಂತಿ ಗೀಂತಿ ಏನರೆ ಆತೇನು ಅಮ್ಮಾ?"

"ಇಲ್ಲಪ್ಪಾ."

ಆಕೆಯ ಬೆನ್ನ ಹಿಂದೆ, ಹಿತ್ತಲಿನ ತಂತಿಯ ಮೇಲೆ, ವಾಂತಿ ತೊಳೆದ ದುಪ್ಪಟಿ ಒಣಗುತ್ತಿತ್ತು. ಆಕೆ ಕೆಟ್ಟವಳಲ್ಲ. ಒಂದು ಸಲ ಕಳೆದುಕೊಂಡದ್ದು ಕೈಗೆ ಬಂದಾಗ ಬೆರಳು ಬಿಗಿಯಾಗುತ್ತವೆ, ಅಷ್ಟೇ. ಆದರೆ ಆ ಬೆರಳುಗಳ ನಡುವೆ ಇದ್ದದ್ದು ಮಗನ ಮಗನ ಜೀವ.

ಫೈನಲ್ಲಿನ ದಿನ ಬಂತು. ತಂಡದ ಜೀಪು ಬಾಗಿಲಿಗೆ ನಿಂತಿತ್ತು. ಸ್ಟೇರಿಂಗಿನ ಮುಂದೆ ಚಾಂದಪಾಶಾ, ಹಿಂದೆ ಆರು ಹುಡುಗರು. ಆಡಿಸುವುದೋ ಬಿಡುವುದೋ, ಮೈದಾನದಲ್ಲಿರುವ ಡಾಕ್ಟರಿಗೆ ತೋರಿಸಿಯೇ ನಿರ್ಧಾರ ಎಂದು ಚಾಂದಪಾಶಾ ಖಡಾಖಂಡಿತ ಹೇಳಿದ್ದ. ರಂಗಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಮರಿಲಿಂಗ ತಂಡದ ಜೆರ್ಸಿ ತೊಟ್ಟು ಊಟಕ್ಕೆ ಕೂತಿದ್ದ. ಮಲ್ಲಾಬಾಯಿ ಬಿಸಿ ರೊಟ್ಟಿಯೊಂದನ್ನು ಅವನ ಎಡಗೈಯ ಮೇಲೆ ಇಟ್ಟಳು.

ರೊಟ್ಟಿ ಜಾರಿ ನೆಲಕ್ಕೆ ಬಿತ್ತು.

ಅವನು ನಕ್ಕ. ಆಕೆ ಇನ್ನೊಂದು ಇಟ್ಟಳು. ಅದೂ ಜಾರಿತು. ಕೈ ಅಲ್ಲೇ ಇತ್ತು, ಬೆರಳು ಮಡಚಲಿಲ್ಲ. ಅವನ ಬಾಯಿಯ ಎಡ ತುದಿ ನಗುವಾಗ ಏಳಲಿಲ್ಲ.

ಇದನ್ನು ಮಲ್ಲಾಬಾಯಿ ಹಿಂದೆ ನೋಡಿದ್ದಳು. ಇದೇ ಅಡುಗೆಮನೆಯಲ್ಲಿ, ಕುಸ್ತಿಯಲ್ಲಿ ತಲೆ ಕೆಳಗಾಗಿ ಬಿದ್ದ ಗಂಡ ಕೆಲವು ವಾರ ತಲೆನೋವೆಂದು ಮಲಗಿ, ಮಾತು ತಪ್ಪಿ, ಒಂದು ಮಧ್ಯಾಹ್ನ ಎಡಗೈಯಿಂದ ರೊಟ್ಟಿ ಬೀಳಿಸಿ ಹೀಗೇ ಸೊಟ್ಟಗೆ ನಕ್ಕಿದ್ದ. ಆಕೆಯೂ ನಕ್ಕು ಇನ್ನೊಂದು ರೊಟ್ಟಿ ಇಟ್ಟಿದ್ದಳು. ಹೊತ್ತು ಮುಳುಗುವುದರೊಳಗೆ ಮಾತು ನಿಂತಿತು, ಆಮೇಲೆ ಉಸಿರು ನಿಂತಿತು. ಪೈಲ್ವಾನ ಕುಸ್ತಿಯಲ್ಲಿ ಬಿದ್ದು ಸತ್ತನೆನ್ನಬಾರದೆಂದು ಹಿರಿಯರು ಜ್ವರ ಎಂದಿದ್ದರು. ಇಷ್ಟು ದಿನ ಆಕೆ ಅವನು ಬಾಳಲು ಬಂದಿದ್ದಾನೆ ಎಂದುಕೊಂಡಿದ್ದಳು. ಅವನು ಮತ್ತೊಮ್ಮೆ ಸಾಯಲು ಬಂದಿದ್ದ.

"ರಂಗಾ!" ಎಂದು ಆಕೆ ಕೂಗಿದ ಕೂಗಿಗೆ ಜೀಪಿನ ಹುಡುಗರೂ ಇಳಿದರು. "ಇವನ್ನ ದವಾಖಾನಿಗಿ ಒಯ್ಯಿರೋ!"

"ಫೈನಲ್ ಅದ ಯವ್ವಾ. ಅಲ್ಲೇ ಡಾಕ್ಟರು..."

"ನಿನ್ನ ಫೈನಲ್‌ಗೆ ಬೆಂಕಿ ಬೀಳ್ಲಿ! ನಿಮ್ಮಪ್ಪ ಜ್ವರದಿಂದ ಸತ್ತಿಲ್ಲ. ಹಿಂಗ ಸತ್ತಾನ. ಈ ಹುಡುಗಗ ವಾಂತಿ ಆಗ್ಯಾವ, ನಾ ತೊಳ್ದೀನಿ. ನನ್ನ ಗುರ್ತು ಹಿಡೀತಾನ ಅಂದೆನಲ್ಲಾ, ಅವ ಆಯಿ ಅಂತ ಗುರ್ತು ಹಿಡಿದಿಲ್ಲ."

ಚಂದ್ರಕಲಾ ಅತ್ತೆಯ ರಟ್ಟೆ ಹಿಡಿದು ಅಲ್ಲಾಡಿಸಿದಳು. "ನನ್ನ ಮಗನ್ನ ಕೊಲ್ಲಾಕ ಕುಂತಿದ್ರೇನು? ಮುದುಕಿ ಅಂತ ಮನಿ ಒಪ್ಪಿಸಿ ಹೋದ್ರ!"

"ಆಮ್ಯಾಲ ಬೈಯಿ. ಬೇಕಾದ್ರ ಹೊಡಿ. ಮೊದಲು ಎಬ್ಬಿಸು."

ಅವನು ಏಳಲಿಲ್ಲ. ರಂಗಣ್ಣ ಹೆಗಲು ಹಿಡಿದರೆ ಒಂದೇ ಕೈಯಿಂದ ದೂಡಿದ. ಚಾಂದಪಾಶಾನನ್ನು ಗುರುತೇ ಹಿಡಿಯದೆ ಗುರಾಯಿಸಿದ. ಕೊನೆಗೆ ಮಲ್ಲಾಬಾಯಿ ಎಲ್ಲರ ಎದುರಿಗೇ ತಲೆಯ ಮೇಲೆ ಸೆರಗು ಎಳೆದುಕೊಂಡು ಅವನ ಮುಂದೆ ನಿಂತಳು.

"ಏಳ್ರಿ. ನನ್ನ ಸಂಗಾಟ ನಡ್ರಿ."

ಅವನು ಎದ್ದ, ಎಡಗಾಲು ಎಳೆಯುತ್ತ ಹೋಗಿ ಜೀಪು ಹತ್ತಿದ. ಮಗನನ್ನು ಹೊತ್ತು ಹೆತ್ತ ಚಂದ್ರಕಲಾ ಅದನ್ನು ನೋಡುತ್ತ ನಿಂತಳು. ಆ ಗಳಿಗೆಯಲ್ಲಿ ಆಕೆಗಾದ ಸಂಕಟ ದೊಡ್ಡದು.

ಶಹಾಪುರದಲ್ಲಿ ಹುಡುಗರು ಇಳಿದು ಯಾದಗಿರಿಯ ಬಸ್ಸು ಹಿಡಿದರು. ಆರೇ ಮಂದಿ ಆಡಿ ಸೋತರೆಂದು ಆಮೇಲೆ ಗೊತ್ತಾಯಿತು. ಜೀಪು ಜೇವರ್ಗಿಯ ಹಾದಿ ಹಿಡಿದು ಕಲಬುರಗಿಯ ಕಡೆ ಓಡಿತು. ಚಂದ್ರಕಲಾ, ಭಾಗ್ಯ ಹಿಂದಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮುಂದೆ ರಂಗಣ್ಣ ಫೋನಿನಲ್ಲಿ ಆಸ್ಪತ್ರೆ ಹುಡುಕುತ್ತಿದ್ದ. ಹಿಂದೆ ಮಲ್ಲಾಬಾಯಿಯ ತೊಡೆಯ ಮೇಲೆ ಅವನ ತಲೆ ಇತ್ತು.

"ಮಲ್ಲಿ, ನನ್ನ ಎಲ್ಲಿಗಿ ಒಯ್ಯಾಕತ್ತೀದಿ?"

"ಕಳಿಸಾಕ."

"ಎಲ್ಲಿಗಿ?"

"ಎಲ್ಲಿಂದ ಬಂದ್ರಿ, ಅಲ್ಲಿಗಿ."

ಅವನು ಕೇಳಿದ, "ನೀ ಬರ್ತೀ?"

"ಈಗ ಬ್ಯಾಡ್ರಿ. ಈ ಹುಡುಗನ್ನ ನಡುದಾರ್‍ಯಾಗ ಬಿಟ್ಟು ಬರಾಕ ಬರಲ್ಲ. ನೀವು ಮುಂದ ನಡ್ರಿ."

ಅವನ ಕಣ್ಣು ಮುಚ್ಚಿದವು. ಕನ್ನಡಿಯಲ್ಲಿ ಇದನ್ನೆಲ್ಲ ನೋಡಿದ ಚಾಂದಪಾಶಾ ಗಾಡಿಯ ವೇಗ ಹೆಚ್ಚಿಸಿದ. ಕಲಬುರಗಿ ಬರುವ ತನಕ ಅವನು ಮತ್ತೆ ಕನ್ನಡಿ ನೋಡಲಿಲ್ಲ.

ಡಾಕ್ಟರು ಸ್ಕ್ಯಾನ್ ತೋರಿಸಿ ವಿವರಿಸಿದರು. ಪೆಟ್ಟು ಬಿದ್ದ ದಿನದಿಂದ ತಲೆಬುರುಡೆಯ ಒಳಗೆ ರಕ್ತ ಸ್ವಲ್ಪ ಸ್ವಲ್ಪವೇ ಸೋರಿ ನಿಂತು ಮೆದುಳನ್ನು ಒತ್ತುತ್ತಿದೆ, ಬುರುಡೆಗೆ ತೂತು ಕೊರೆದು ತೆಗೆಯಬೇಕು, ಇಂಥದ್ದರಲ್ಲಿ ಮನುಷ್ಯ ಏನೇನೋ ಮಾತಾಡುತ್ತಾನೆ ಎಂದರು. ರಂಗಣ್ಣ ಎಲ್ಲದಕ್ಕೂ ತಲೆಯಾಡಿಸಿದ. ಮುಚ್ಚಿದ ಬಾಗಿಲಿನ ವಿಚಾರ ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ಆಪರೇಷನ್ ಆದ ಮರುದಿನ ಮರಿಲಿಂಗ ಕಣ್ಣು ಬಿಟ್ಟ. ತಲೆಗೆ ಬಿಳಿ ಪಟ್ಟಿ, ಮೂಗಿಗೆ ನಳಿಗೆ. ಮೊದಲು ಭಾಗ್ಯಳನ್ನು ನೋಡಿ, "ಕಾಲೇಜು ಇಲ್ಲೇನು ನಿನಗ?" ಎಂದ. ಆಮೇಲೆ ಅವ್ವನನ್ನು ಹುಡುಕಿದ. ಚಂದ್ರಕಲಾ ಅವನ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು, ರಂಗಣ್ಣ ಗೋಡೆಯ ಕಡೆ ತಿರುಗಿ ಅತ್ತ. ಕಡೆಗೆ ಮರಿಲಿಂಗನ ಕಣ್ಣು ಮೂಲೆಯಲ್ಲಿ ಕೂತ ಮುದುಕಿಯ ಮೇಲೆ ಬಿತ್ತು.

"ಆಯಿ, ನೀನೂ ಬಂದೀಯಾ? ಮ್ಯಾಚ್ ಏನಾತು?"

ಮಲ್ಲಾಬಾಯಿ ಹತ್ತಿರ ಬಂದು ಅವನ ಎರಡೂ ಕಣ್ಣುಗಳಲ್ಲಿ ಇಣುಕಿ ನೋಡಿದಳು. ಬಾವಿಯೊಳಗೆ ಬಿದ್ದದ್ದನ್ನು ಹುಡುಕುವವರಂತೆ ನೋಡಿದಳು.

"ಸೋತಾರೋ ತಮ್ಮಾ," ಎಂದು ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು.

ವಾರ ಕಳೆದು ಎಲ್ಲರೂ ಸುರಪುರಕ್ಕೆ ಬಂದರು. ಒಂದು ದಿನ ಮೊದಲೇ ಬಂದಿದ್ದ ಚಂದ್ರಕಲಾ ಅಂಗಳ ಸಾರಿಸಿ, ಬಾಗಿಲಲ್ಲಿ ಮಗನಿಗೆ ಆರತಿ ಎತ್ತಿ, ದೃಷ್ಟಿ ತೆಗೆದು ಒಳಗೆ ಕರೆದುಕೊಂಡಳು. ಓಣಿಯವರು ಸಕ್ಕರೆ ತಿಂದರು. ಅತ್ತೆಯ ಜೊತೆ ಆಕೆ ಇನ್ನೂ ಮಾತು ಬಿಟ್ಟಿದ್ದಳು, ಆದರೂ ಉಂಬುವ ಹೊತ್ತಾಯಿತೆಂದು ಹೊರಗೆ ನೋಡಿದರೆ ಮಲ್ಲಾಬಾಯಿ ಹೊಸ್ತಿಲು ದಾಟದೆ ಅಂಗಳದ ಕಲ್ಲಿನ ಮೇಲೆ ನಿಂತಿದ್ದಳು.

"ಭಾಗ್ಯಾ, ಒಂದು ಕೊಡ ತಣ್ಣೀರು ತಗೊಂಡು ಬಾ. ನನ್ನ ತಲಿ ಮ್ಯಾಲ ಹಾಕು."

"ಈ ಚಳ್ಯಾಗ ಯಾಕ ಆಯಿ? ಒಳಗ ಬಾ, ಬಿಸಿನೀರು ಅದ."

"ಮಣ್ಣು ಮಾಡಿ ಬಂದವರು ಮೈ ತೊಳೀಲಾರದ ಒಳಗ ಬರಬಾರದವ್ವಾ."

ಚಂದ್ರಕಲಾ ಹೊಸ್ತಿಲಿಗೆ ಬಂದಳು. "ಏನು ಅಪಶಕುನ ನುಡೀತೀರಿ ಅತ್ತಿ! ಹುಡುಗ ಬದುಕಿ ಬಂದಾನ. ಯಾರು ಸತ್ತಾರ ಈ ಮನ್ಯಾಗ?"

ಚಂದ್ರಕಲಾ ಅತ್ತೆಯ ಮುಖ ನೋಡಿದಳು. ತಾನೇ ಒಳಗೆ ಹೋಗಿ ಕೊಡ ತುಂಬಿ ತಂದಳು. ಮುದುಕಿ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ತಲೆ ಬಾಗಿಸಿದಳು. ಸೊಸೆ ನೀರು ಸುರಿದಳು. ಆ ನೀರಿನ ಕೆಳಗೆ ಮಲ್ಲಾಬಾಯಿ ಬಾಯಿ ಬಿಟ್ಟು, ಓಣಿಗೆಲ್ಲ ಕೇಳುವಂತೆ, ಗಂಡ ಸತ್ತ ಹೆಂಗಸಿನ ಹಾಗೆ ಅತ್ತಳು.